ಮೊದಲು ಮೊಲ, ಆಮೇಲೆ ಸ್ವೆಟರ್

ನಾನು ಹೆಣೆದ ಮೊದಲ ಸ್ವೆಟರ್‌ನೊಳಗೆ ಇಬ್ಬರು ಆರಾಮಾಗಿ ಕೂರಬಹುದಿತ್ತು. ಎರಡು ತಿಂಗಳ ಕೆಲಸ. ಹಾಕಿಕೊಂಡು ಕನ್ನಡಿ ಮುಂದೆ ನಿಂತರೆ ತೋಳು ಬೆರಳಿನ ತುದಿ ದಾಟಿ ನೇತಾಡುತ್ತಿತ್ತು. ಮನೆಯವರು ಯಾರೂ ನಗಲಿಲ್ಲ, ನಕ್ಕಿದ್ದರೇ ವಾಸಿಯಿತ್ತು. ಅದನ್ನು ಪೂರ್ತಿ ಬಿಚ್ಚಿ, ಉಲ್ಲನ್ ಉಂಡೆ ಸುತ್ತಿಟ್ಟೆ. ಆ ಉಂಡೆಯಿಂದ ಎರಡೇ ದಿನದಲ್ಲಿ ಒಂದು ಮೊಲ ಎದ್ದು ಬಂತು. ಒಂದು ಕಿವಿ ದೊಡ್ಡದು, ಇನ್ನೊಂದು ಚಿಕ್ಕದು. ನೋಡಿದವರೆಲ್ಲ ‘ಎಷ್ಟು ಮುದ್ದಾಗಿದೆ’ ಅಂದರು.

ಗೊಂಬೆಗೂ ಬಟ್ಟೆಗೂ ಇರುವ ವ್ಯತ್ಯಾಸ ಇದೇ. ಕೈಗೆ ಬೇಕಾದ ಕೆಲಸ ಎರಡರಲ್ಲೂ ಹೆಚ್ಚುಕಮ್ಮಿ ಒಂದೇ. ಆದರೆ ಗೊಂಬೆ ಎರಡು ಸೆಂಟಿಮೀಟರ್ ದೊಡ್ಡದಾದರೆ ಯಾರಿಗೂ ಗೊತ್ತಾಗುವುದಿಲ್ಲ, ಬಟ್ಟೆ ಆದರೆ ಹಾಕಿಕೊಂಡವರಿಗೆ ದಿನವಿಡೀ ಗೊತ್ತಾಗುತ್ತಿರುತ್ತದೆ. ಹಾಗಾಗಿ ಕೈ ಪಳಗಿಸುವುದಕ್ಕೆ ಗೊಂಬೆ, ಲೆಕ್ಕ ಕಲಿಯುವುದಕ್ಕೆ ಟೋಪಿ, ಅದಾದ ಮೇಲೆ ಸ್ವೆಟರ್. ಈ ಕ್ರಮದಲ್ಲಿ ಹೋದರೆ ಅರ್ಧಕ್ಕೆ ನಿಂತ ಕೆಲಸ ಚೀಲದಲ್ಲಿ ಕೊಳೆಯುವುದು ಕಡಿಮೆ. ಕಡ್ಡಿಗೆ ಕುಣಿಕೆ ಏರಿಸುವುದು, ಸೀದಾ ಮತ್ತು ಉಲ್ಟಾ ಹೆಣೆಯುವುದು, ಕೊನೆಗೆ ಕುಣಿಕೆ ಮುಚ್ಚುವುದು, ಇಷ್ಟು ಬಂದರೆ ಸಾಕು, ಶುರು ಮಾಡಬಹುದು.

ಚೌಕದಿಂದ ಮೊಲ

ಮಧ್ಯಮ ದಪ್ಪದ, ಅಂದರೆ ಲೇಬಲ್ ಮೇಲೆ ‘ಡಿಕೆ’ ಅಂತ ಇರುವ ಉಲ್ಲನ್ 50 ಗ್ರಾಂ ಸಾಕು. ಈ ನೂಲಿಗೆ ಸಾಮಾನ್ಯವಾಗಿ 4 ಮಿ.ಮೀ. ಕಡ್ಡಿ ಬಳಸುತ್ತಾರೆ. ಗೊಂಬೆಗೆ ಮಾತ್ರ 3.25 ತೆಗೆದುಕೊಳ್ಳಿ. ಕಡ್ಡಿ ಸಣ್ಣದಾದರೆ ಹೆಣಿಗೆ ಬಿಗಿಯಾಗುತ್ತದೆ, ಒಳಗೆ ತುಂಬಿದ್ದು ಹೊರಗೆ ಇಣುಕುವುದಿಲ್ಲ. ನಾನೊಮ್ಮೆ ದಪ್ಪ ಕಡ್ಡಿಯಲ್ಲಿ ಬೂದು ಬಣ್ಣದ ಆನೆ ಮಾಡಿದ್ದೆ. ಹತ್ತಿ ತುಂಬಿದ ಮೇಲೆ ಅದಕ್ಕೆ ಮೈಯೆಲ್ಲಾ ತೊನ್ನು ಬಂದ ಹಾಗಿತ್ತು.

40 ಕುಣಿಕೆ ಏರಿಸಿ. ಎಲ್ಲಾ ಸಾಲನ್ನೂ ಸೀದಾ ಹೆಣೆಯಿರಿ, ಇದಕ್ಕೆ ಗಾರ್ಟರ್ ಹೆಣಿಗೆ ಅನ್ನುತ್ತಾರೆ. ಇದರಲ್ಲಿ ಎರಡು ಸಾಲು ಸೇರಿದರೆ ಒಂದು ಉಬ್ಬುಗೆರೆ ಕಾಣುತ್ತದೆ. ಆ ಒಂದು ಗೆರೆಯ ಎತ್ತರವೂ ಒಂದು ಕುಣಿಕೆಯ ಅಗಲವೂ ಹತ್ತಿರ ಹತ್ತಿರ ಸಮ. ಹಾಗಾಗಿ 40 ಕುಣಿಕೆಗೆ 40 ಗೆರೆ, ಅಂದರೆ 80 ಸಾಲು ಆದಾಗ ಚೌಕ ಸಿಗುತ್ತದೆ. ಅನುಮಾನ ಇದ್ದರೆ ಒಂದು ಮೂಲೆ ಹಿಡಿದು ಓರೆಯಾಗಿ ಮಡಚಿ, ಅಂಚಿಗೆ ಅಂಚು ಕೂಡಿದರೆ ಮುಗಿಯಿತು. ಕುಣಿಕೆ ಮುಚ್ಚಿ.

ಈಗ ಮಜಾ ಇರುವ ಭಾಗ. ಮೊಂಡು ತುದಿಯ ದಬ್ಬಣಕ್ಕೆ ಅದೇ ನೂಲು ಪೋಣಿಸಿ. ಚೌಕದ ನಟ್ಟನಡುವೆ ಎಡದಿಂದ ಬಲಕ್ಕೆ ಕಚ್ಚಾ ಹೊಲಿಗೆ ಹಾಕುತ್ತಾ ಹೋಗಿ. ಬಲ ಅಂಚು ಮುಟ್ಟಿದ ಮೇಲೆ ಅಲ್ಲಿಂದ ಓರೆಯಾಗಿ ಮೇಲಿನ ಅಂಚಿನ ಮಧ್ಯಕ್ಕೆ ಏರಿ, ಅಲ್ಲಿಂದ ಮತ್ತೆ ಓರೆಯಾಗಿ ಇಳಿದು ಶುರು ಮಾಡಿದ ಜಾಗಕ್ಕೆ ಬನ್ನಿ. ಚೌಕದ ಮೇಲರ್ಧದಲ್ಲಿ ಒಂದು ತ್ರಿಕೋನ ಆಯಿತಲ್ವಾ? ಅದರ ನಡುವೆ ಒಂದು ಹಿಡಿ ಪಾಲಿಯೆಸ್ಟರ್ ಹತ್ತಿ ಇಟ್ಟು, ನೂಲಿನ ಎರಡೂ ತುದಿಯನ್ನು ಮೆಲ್ಲಗೆ ಎಳೆಯಿರಿ. ತ್ರಿಕೋನ ಚೀಲದ ಹಾಗೆ ಮುದುಡಿ ತಲೆಯಾಗುತ್ತದೆ. ಹೊರಗುಳಿದ ಎರಡು ಮೂಲೆಗಳು ತಾವಾಗೇ ಕಿವಿಯಾಗಿ ನಿಲ್ಲುತ್ತವೆ. ಮೊದಲ ಸಲ ಇದನ್ನು ಮಾಡಿದಾಗ ಸುಮ್ನೆ ಐದು ನಿಮಿಷ ಅದನ್ನೇ ನೋಡುತ್ತಾ ಕೂತಿದ್ದೆ.

ನೂಲನ್ನು ಗಟ್ಟಿಯಾಗಿ ಗಂಟು ಹಾಕಿ. ಕೆಳಗಿನ ಅರ್ಧವನ್ನು ಬೆನ್ನಿನ ಕಡೆ ಸೇರಿಸಿ ಹೊಲಿದು, ಹೊಟ್ಟೆ ತುಂಬಿ, ತಳದ ಅಂಚನ್ನು ಸುತ್ತಲೂ ಪೋಣಿಸಿ ಎಳೆದು ಮುಚ್ಚಿ. ಹತ್ತಿಯನ್ನು ಮುದ್ದೆ ಮಾಡಿ ತುರುಕಬೇಡಿ. ಚಿಕ್ಕ ಚಿಕ್ಕ ಎಸಳು ಬಿಡಿಸಿ ತುಂಬಿದರೆ ಉಬ್ಬುತಗ್ಗು ಬರುವುದಿಲ್ಲ. ಮನೆಯಲ್ಲಿರುವ ಹಳೆ ದಿಂಬಿನ ಹತ್ತಿ ಬೇಡ. ಒಗೆದ ಮೇಲೆ ಅದು ಒಳಗೇ ಗಂಟುಗಂಟಾಗುತ್ತದೆ. ಉಳಿದ ನೂಲಿನಲ್ಲಿ ಒಂದು ಕುಚ್ಚಿನ ಚೆಂಡು ಮಾಡಿ ಬಾಲ ಅಂಟಿಸಿದರೆ, ಅಲ್ಲ, ಹೊಲಿದರೆ ಮೊಲ ರೆಡಿ. ಅಂಟು ಉಲ್ಲನ್ ಮೇಲೆ ನಿಲ್ಲುವುದಿಲ್ಲ.

ಕಣ್ಣಿನ ವಿಷಯದಲ್ಲಿ ಎರಡು ಮಾತು. ಮೂರು ವರ್ಷದೊಳಗಿನ ಮಗುವಿಗೆ ಕೊಡುವುದಾದರೆ ಗುಂಡಿ, ಮಣಿ, ಪ್ಲಾಸ್ಟಿಕ್ ಕಣ್ಣು ಯಾವುದೂ ಬೇಡ. ಕಿತ್ತು ಬಾಯಿಗೆ ಹಾಕಿಕೊಂಡರೆ ಉಸಿರು ಕಟ್ಟುವ ಅಪಾಯ ಇದೆ. ಕಪ್ಪು ದಾರದಲ್ಲಿ ಕಸೂತಿ ಮಾಡಿ. ಇನ್ನೊಂದು, ಹೊಲಿಯುವ ಮುಂಚೆ ಗುಂಡುಸೂಜಿ ಚುಚ್ಚಿ ಜಾಗ ನೋಡಿಕೊಳ್ಳಿ, ಆಮೇಲೆ ಅವನ್ನು ಎಣಿಸಿ ತೆಗೆದುಬಿಡಿ. ಕಣ್ಣು ಮುಖದ ನಡುಗೆರೆಗಿಂತ ಸ್ವಲ್ಪ ಕೆಳಗೆ, ಒಂದಕ್ಕೊಂದು ದೂರ ಇದ್ದರೆ ಮರಿಯ ಮುಖ ಬರುತ್ತದೆ. ಮೇಲೆ, ಹತ್ತಿರ ಹತ್ತಿರ ಇಟ್ಟರೆ ಅದೇ ಮೊಲ ಬಾಕಿ ವಸೂಲಿಗೆ ಬಂದವರ ಹಾಗೆ ಕಾಣುತ್ತದೆ.

ಕುಣಿಕೆ ಜಾರಿದರೆ

ಯಾವುದೋ ಒಂದು ಹಂತದಲ್ಲಿ ಕುಣಿಕೆಯೊಂದು ಕಡ್ಡಿಯಿಂದ ಜಾರಿಯೇ ಜಾರುತ್ತದೆ. ಆರೇಳು ಸಾಲು ಕೆಳಗೆ ಇಳಿದಿರುತ್ತದೆ, ಮೇಲೆ ಏಣಿಯ ಮೆಟ್ಟಿಲಿನ ಹಾಗೆ ಅಡ್ಡ ನೂಲುಗಳು ಕಾಣುತ್ತವೆ. ಗಾಬರಿಯಾಗಿ ಎಲ್ಲಾ ಬಿಚ್ಚಬೇಡಿ. ಹೆಣಿಗೆಯ ಸೀದಾ ಮುಖ ನಿಮ್ಮ ಕಡೆ ಇರಲಿ. ಕ್ರೋಶಾ ಕಡ್ಡಿಯನ್ನು ಜಾರಿದ ಕುಣಿಕೆಯೊಳಗೆ ಮುಂದಿನಿಂದ ತೂರಿಸಿ, ಅದರ ಮೇಲಿನ ಮೊದಲ ಮೆಟ್ಟಿಲನ್ನು ಕೊಕ್ಕೆಯಿಂದ ಹಿಡಿದು ಕುಣಿಕೆಯೊಳಗಿಂದ ಎಳೆಯಿರಿ. ಒಂದು ಸಾಲು ಹತ್ತಿತು. ಹಾಗೇ ಒಂದೊಂದೇ ಮೆಟ್ಟಿಲು ಹತ್ತಿಸಿ, ಮೇಲೆ ಬಂದ ಮೇಲೆ ಕಡ್ಡಿಗೆ ಏರಿಸಿ. ಮೆಟ್ಟಿಲು ಬಿಟ್ಟುಹೋಗದಂತೆ ಕೆಳಗಿನಿಂದಲೇ ಲೆಕ್ಕ ಹಿಡಿಯಬೇಕು, ಅಷ್ಟೇ. ಗಾರ್ಟರ್‌ನಲ್ಲಿ ಆದರೆ ಒಂದು ಮೆಟ್ಟಿಲು ಮುಂದಿನಿಂದ, ಮರು ಮೆಟ್ಟಿಲು ಹಿಂದಿನಿಂದ.

ಟೋಪಿ

ಇಲ್ಲಿ ಲೆಕ್ಕ ಶುರುವಾಗುತ್ತದೆ. ನಡುವೆ ವಯರು ಇರುವ 40 ಸೆಂ.ಮೀ. ಉದ್ದದ ಸರ್ಕ್ಯುಲರ್ ಕಡ್ಡಿ ಬೇಕು, 4 ಮಿ.ಮೀ.ದು. ಜೊತೆಗೆ ಅದೇ ದಪ್ಪದ, ಎರಡೂ ಕಡೆ ಮೊನೆ ಇರುವ ಐದು ಕಡ್ಡಿಗಳ ಸೆಟ್ಟು. ಉಲ್ಲನ್ 100 ಗ್ರಾಂ ಇಟ್ಟುಕೊಳ್ಳಿ.

ಡಿಕೆ ನೂಲು 4 ಮಿ.ಮೀ. ಕಡ್ಡಿಯಲ್ಲಿ ಸುಮಾರು 22 ಕುಣಿಕೆಗೆ 10 ಸೆಂ.ಮೀ. ಅಗಲ ಕೊಡುತ್ತದೆ. ತಲೆಯ ಸುತ್ತಳತೆ 56 ಸೆಂ.ಮೀ. ಅಂತಿಟ್ಟುಕೊಳ್ಳಿ. ಟೋಪಿ ತಲೆಗಿಂತ 5 ಸೆಂ.ಮೀ. ಚಿಕ್ಕದಿದ್ದರೇ ಹಿಗ್ಗಿ ಹಿಡಿದು ಕೂರುವುದು. 51 ಸೆಂ.ಮೀ.ಗೆ 112 ಕುಣಿಕೆ. ಈ ಸಂಖ್ಯೆ 4ರಿಂದಲೂ 8ರಿಂದಲೂ ಭಾಗವಾಗುತ್ತದೆ, ಅದು ಮುಂದೆ ಉಪಯೋಗಕ್ಕೆ ಬರುತ್ತದೆ.

ಕುಣಿಕೆ ಏರಿಸಿ ಸುತ್ತನ್ನು ಕೂಡಿಸುವ ಮುಂಚೆ ಕಡ್ಡಿಯನ್ನು ಮೇಜಿನ ಮೇಲಿಟ್ಟು ನೋಡಿ. ಎಲ್ಲಾ ಕುಣಿಕೆಗಳ ಬುಡ ಒಳಮುಖವಾಗಿರಬೇಕು, ಎಲ್ಲೂ ತಿರುಚಿರಬಾರದು. ತಿರುಚಿದ್ದನ್ನು ಕೂಡಿಸಿದರೆ ಅದು ಟೋಪಿ ಆಗುವುದಿಲ್ಲ, ಮತ್ತೆ ಸರಿಯೂ ಆಗುವುದಿಲ್ಲ. ಬಿಚ್ಚುವುದೊಂದೇ ದಾರಿ.

2 ಸೀದಾ, 2 ಉಲ್ಟಾ ಹೀಗೆ 5 ಸೆಂ.ಮೀ. ಹೆಣೆಯಿರಿ, ಹಿಗ್ಗುವ ಅಂಚು ಬರುತ್ತದೆ. ನಂತರ ಬರೀ ಸೀದಾ. ತಳದಿಂದ ಒಟ್ಟು 14 ಸೆಂ.ಮೀ. ಆದಾಗ ಇಳಿಸಲು ಶುರು: 12 ಹೆಣೆದು ಮುಂದಿನ 2 ಕುಣಿಕೆ ಒಟ್ಟಿಗೆ ಹೆಣೆಯಿರಿ, ಹೀಗೆ ಎಂಟು ಸಲ. 104 ಉಳಿಯುತ್ತದೆ. ಒಂದು ಸುತ್ತು ಸುಮ್ನೆ ಹೆಣೆದು, ಮುಂದಿನ ಸುತ್ತಿನಲ್ಲಿ 11 ಹೆಣೆದು 2 ಒಟ್ಟಿಗೆ. ಹೀಗೆ ಒಂದೊಂದು ಕಡಿಮೆ ಮಾಡುತ್ತಾ ಹೋಗಿ. ಕುಣಿಕೆ ಕಡಿಮೆಯಾಗಿ ವಯರಿನ ಮೇಲೆ ಎಳೆಯುವ ಹಾಗಾದಾಗ ಎರಡು ಮೊನೆಯ ಕಡ್ಡಿಗಳಿಗೆ ವರ್ಗಾಯಿಸಿ. 8 ಉಳಿದಾಗ ನೂಲನ್ನು 20 ಸೆಂ.ಮೀ. ಬಿಟ್ಟು ಕತ್ತರಿಸಿ, ದಬ್ಬಣದಿಂದ ಆ ಎಂಟರೊಳಗೂ ಪೋಣಿಸಿ ಎಳೆಯಿರಿ.

ಟೋಪಿಯನ್ನು ಯಾಕೆ ನಡುವೆ ತಂದೆ ಅಂದರೆ, ಅದೇ ನಿಮ್ಮ ಸ್ವೆಟರ್‌ನ ಸ್ಯಾಂಪಲ್. ಸ್ವೆಟರ್‌ಗೆ ತೆಗೆದಿಟ್ಟ ಉಲ್ಲನ್‌ನಲ್ಲೇ, ಅದೇ ಕಡ್ಡಿಯಲ್ಲೇ ಟೋಪಿ ಹೆಣೆಯಿರಿ. ಅಳತೆಗೆ ಅಂತ ಬೇರೆ ತುಂಡು ಹೆಣೆಯಲು ಯಾರಿಗೂ ಮನಸ್ಸು ಬರುವುದಿಲ್ಲ, ನನಗಂತೂ ಇಲ್ಲ. ಇನ್ನೊಂದು ಲಾಭವೂ ಇದೆ. ಹಿಂದೆ ಮುಂದೆ ತಿರುಗಿಸಿ ಹೆಣೆದಾಗ ಉಲ್ಟಾ ಸಾಲಿನಲ್ಲಿ ಬಹಳ ಜನರ ಕೈ ಸಡಿಲವಾಗುತ್ತದೆ. ಸುತ್ತಾಗಿ ಹೆಣೆದಾಗ ಹಾಗಾಗುವುದಿಲ್ಲ. ಸ್ವೆಟರ್ ಸುತ್ತಾಗಿ ಹೆಣೆಯುವುದಾದರೆ ಅಳತೆಯೂ ಸುತ್ತಾಗಿ ಹೆಣೆದದ್ದರಲ್ಲೇ ನೋಡಬೇಕು.

ಟೋಪಿಯನ್ನು ಒಗೆದು, ಒಣಗಿಸಿ, ಆಮೇಲೆ 10 ಸೆಂ.ಮೀ.ಗೆ ಎಷ್ಟು ಕುಣಿಕೆ ಅಂತ ಎಣಿಸಿ. ಒಗೆಯದೆ ಎಣಿಸಿದರೆ ಲೆಕ್ಕ ಸುಳ್ಳು. ಕೆಲವು ಉಣ್ಣೆ ನೀರು ಕಂಡರೆ ಹಿಗ್ಗುತ್ತದೆ, ಮೆಶಿನ್‌ನಲ್ಲಿ ಒಗೆಯಬಹುದು ಅಂತ ಸಂಸ್ಕರಿಸಿದ್ದು ಇನ್ನೂ ಜಾಸ್ತಿ.

ಸ್ವೆಟರ್

ನನ್ನ ಎಡವಟ್ಟು ಎಲ್ಲಾಯಿತು ನೋಡಿ. ವಿನ್ಯಾಸದಲ್ಲಿ 10 ಸೆಂ.ಮೀ.ಗೆ 22 ಕುಣಿಕೆ ಅಂತಿತ್ತು. ನನ್ನ ಕೈಯಲ್ಲಿ 20 ಬರುತ್ತಿತ್ತು. ಎರಡೇ ತಾನೇ ಅಂತ ಬಿಟ್ಟೆ. ಎದೆಗೆ 220 ಕುಣಿಕೆ. 22ರ ಲೆಕ್ಕದಲ್ಲಿ 100 ಸೆಂ.ಮೀ., 20ರ ಲೆಕ್ಕದಲ್ಲಿ 110. ಅಷ್ಟೇ ಆಗಿದ್ದರೆ ದೊಗಳೆ ಅಂತ ಹಾಕಿಕೊಳ್ಳಬಹುದಿತ್ತು. ಒಗೆದ ಮೇಲೆ ಅದು ಇನ್ನೂ ಹಿಗ್ಗಿತು. ಕುಣಿಕೆ ಕಡಿಮೆ ಬಂದರೆ ಸಣ್ಣ ಕಡ್ಡಿ, ಜಾಸ್ತಿ ಬಂದರೆ ದಪ್ಪ ಕಡ್ಡಿ. ಕೈಯನ್ನು ಬಲವಂತವಾಗಿ ಬಿಗಿ ಮಾಡಲು ಹೋಗಬೇಡಿ, ಹತ್ತು ಸಾಲು ಆದಮೇಲೆ ಅದು ತನ್ನ ಹಳೇ ಚಾಳಿಗೇ ಬರುತ್ತದೆ.

ಉಲ್ಲನ್ ಕೊಳ್ಳುವಾಗ ಎಲ್ಲಾ ಉಂಡೆಯ ಲೇಬಲ್ ಮೇಲೂ ಬಣ್ಣದ ಲಾಟ್ ನಂಬರ್ ಒಂದೇ ಇದೆಯಾ ನೋಡಿ. ದೊಡ್ಡವರ ಸ್ವೆಟರ್‌ಗೆ ಡಿಕೆ ನೂಲು ಸುಮಾರು 1000ರಿಂದ 1300 ಮೀಟರ್ ಹಿಡಿಯುತ್ತದೆ. ಅಂಗಡಿಯ ಬೆಳಕಿನಲ್ಲಿ ಒಂದೇ ಥರ ಕಂಡ ಎರಡು ಲಾಟು ಬಿಸಿಲಿನಲ್ಲಿ ಬೇರೆಬೇರೆ ಪಟ್ಟೆಯಾಗಿ ಎದ್ದು ಕಾಣುತ್ತದೆ.

ಅಳತೆಯನ್ನು ಮೈಯಿಂದ ತೆಗೆಯುವುದಕ್ಕಿಂತ, ನಿಮಗೆ ಸರಿಯಾಗಿ ಕೂರುವ ಹಳೆ ಸ್ವೆಟರ್ ಒಂದನ್ನು ಮೇಜಿನ ಮೇಲೆ ಹರಡಿ ಕಂಕುಳಿಂದ ಕಂಕುಳಿಗೆ ಅಳೆದು ಎರಡರಿಂದ ಗುಣಿಸಿ. ಒಳಗೆ ಎಷ್ಟು ಸಡಿಲ ಬೇಕು ಅನ್ನುವ ಪ್ರಶ್ನೆಯೇ ಏಳುವುದಿಲ್ಲ.

ಅಲ್ಲಿಂದ ಮುಂದಕ್ಕೆ ಎಲಿಜಬೆತ್ ಝಿಮ್ಮರ್‌ಮನ್ ಎಂಬ ಹೆಣಿಗೆಗಾರ್ತಿ ಜನಪ್ರಿಯಗೊಳಿಸಿದ ಶೇಕಡಾ ಲೆಕ್ಕ ಬಹಳ ಅನುಕೂಲ. ಎದೆಯ ಕುಣಿಕೆಯನ್ನು 100 ಅಂತಿಟ್ಟುಕೊಂಡರೆ ಮುಂಗೈ ಹತ್ತಿರ 20, ತೋಳಿನ ಮೇಲ್ಭಾಗ ಸುಮಾರು 33, ಕುತ್ತಿಗೆ 40, ಕಂಕುಳಲ್ಲಿ 8. ನಮ್ಮ 220ಕ್ಕೆ ಕ್ರಮವಾಗಿ 44, 73, 88, 18. ಮೈಯನ್ನು 220 ಕುಣಿಕೆಯ ಕೊಳವೆಯಾಗಿ ಕಂಕುಳವರೆಗೆ ಹೆಣೆಯಿರಿ. ಎರಡು ತೋಳನ್ನು 44ರಿಂದ ಶುರು ಮಾಡಿ ನಿಧಾನಕ್ಕೆ 73ಕ್ಕೆ ಏರಿಸಿ. ತೋಳಿಗೂ ಮೈಗೂ ತಾಗುವ ಜಾಗದಲ್ಲಿ ಎರಡೂ ಕಡೆ 18-18 ಕುಣಿಕೆಯನ್ನು ಬೇರೆ ದಾರಕ್ಕೆ ಏರಿಸಿ ಬದಿಗಿಡಿ. ಉಳಿದದ್ದನ್ನೆಲ್ಲಾ ಒಂದೇ ಉದ್ದ ಕಡ್ಡಿಗೆ ತೆಗೆದುಕೊಳ್ಳಿ. ಮೈ ಮತ್ತು ತೋಳು ಕೂಡುವ ನಾಲ್ಕು ಜಾಗದಲ್ಲಿ ಗುರುತು ಹಾಕಿ, ಒಂದು ಸುತ್ತು ಬಿಟ್ಟು ಒಂದು ಸುತ್ತಿನಲ್ಲಿ ಪ್ರತಿ ಗುರುತಿನ ಎರಡೂ ಬದಿಗೆ ಒಂದೊಂದು ಇಳಿಸಿ. ಅಂದರೆ ಸಲಕ್ಕೆ ಎಂಟು. 88ರ ಹತ್ತಿರ ಬಂದಾಗ ಕುತ್ತಿಗೆಯ ಅಂಚು ಹೆಣೆದು ಮುಚ್ಚಿ. ಕಂಕುಳಲ್ಲಿ ಬದಿಗಿಟ್ಟದ್ದನ್ನು ದಬ್ಬಣದಿಂದ ಜೋಡಿಸಿ.

ಹೀಗೆ ಭುಜದ ಮೇಲೆ ಓರೆ ಗೆರೆ ಬರುವ ತೋಳಿಗೆ ರಾಗ್ಲಾನ್ ಅನ್ನುತ್ತಾರೆ. 1815ರ ವಾಟರ್ಲೂ ಕಾಳಗದಲ್ಲಿ ಬಲಗೈ ಕಳೆದುಕೊಂಡ ಬ್ರಿಟಿಷ್ ಸೇನಾಧಿಕಾರಿ ಲಾರ್ಡ್ ರಾಗ್ಲಾನ್ ಹೆಸರು ಅದು. ಅವರು ಆಮೇಲೆ ಕ್ರಿಮಿಯಾ ಯುದ್ಧದಲ್ಲಿ ದಂಡನಾಯಕರಾಗಿದ್ದರು. ಕಾರ್ಡಿಗನ್ ಅನ್ನುವ ಹೆಸರೂ ಅದೇ ಯುದ್ಧದ ಇನ್ನೊಬ್ಬ ಅಧಿಕಾರಿಯದ್ದು. ಮುಖ ಮುಚ್ಚುವ ಬಾಲಕ್ಲಾವಾ ಟೋಪಿಯ ಹೆಸರು ಅಲ್ಲಿನ 1854ರ ಕಾಳಗ ನಡೆದ ಊರಿನದ್ದು. ಚಳಿಗೆ ಹೆದರಿದ ಸೈನ್ಯ ಹೆಣಿಗೆಗೆ ಬಿಟ್ಟುಹೋದ ಆಸ್ತಿ ಇಷ್ಟು.

ಮುಗಿಸುವ ಕೆಲಸ

ಕುಣಿಕೆ ಮುಚ್ಚಿದರೆ ಸ್ವೆಟರ್ ಮುಗಿದಂತಲ್ಲ. ನೂಲಿನ ತುದಿಗಳನ್ನು ಕನಿಷ್ಠ 15 ಸೆಂ.ಮೀ. ಬಿಟ್ಟಿರಬೇಕು. ಅವನ್ನು ಒಳಗಡೆ ದಬ್ಬಣದಿಂದ ಒಮ್ಮೆ ಒಂದು ದಿಕ್ಕಿಗೆ, ಮತ್ತೆ ಹಿಂದಕ್ಕೆ ಹೆಣೆದು ಅಡಗಿಸಿ. ಗಂಟು ಹಾಕಿ ಕತ್ತರಿಸಿದರೆ ಒಂದಲ್ಲ ಒಂದು ದಿನ ಬಿಚ್ಚುತ್ತದೆ.

ನಂತರ ಉಗುರುಬೆಚ್ಚಗಿನ ನೀರಿನಲ್ಲಿ ಸೌಮ್ಯ ಸೋಪು ಹಾಕಿ 20 ನಿಮಿಷ ನೆನೆಸಿ. ಉಜ್ಜಬೇಡಿ, ಬಿಸಿನೀರು ಬೇಡ. ಉಣ್ಣೆಯ ಎಳೆಯ ಮೇಲೆ ಮೀನಿನ ಮೈಮೇಲಿರುವಂಥ ಸಣ್ಣ ಹುರುಪೆಗಳಿವೆ. ಬಿಸಿ ಮತ್ತು ತಿಕ್ಕಾಟ ಸಿಕ್ಕರೆ ಅವು ಒಂದಕ್ಕೊಂದು ಸಿಕ್ಕಿಹಾಕಿಕೊಂಡು ಸ್ವೆಟರ್ ಕಂಬಳಿಯಾಗಿ ಕುಗ್ಗುತ್ತದೆ. ಎತ್ತುವಾಗ ಎರಡೂ ಕೈಯಿಂದ ಕೆಳಗೆ ಆಸರೆ ಕೊಡಿ. ಹಿಂಡದೆ, ಟವೆಲ್‌ನಲ್ಲಿ ಸುರುಳಿ ಸುತ್ತಿ ಒತ್ತಿ ನೀರು ತೆಗೆಯಿರಿ. ಒಣ ಟವೆಲ್ ಮೇಲೆ ಚಪ್ಪಟೆಯಾಗಿ ಹರಡಿ, ಬೇಕಾದ ಅಗಲ ಉದ್ದಕ್ಕೆ ತಟ್ಟಿ, ಅಂಚಿಗೆ ಪಿನ್ ಚುಚ್ಚಿ ಒಣಗಲು ಬಿಡಿ. ತಂತಿ ಮೇಲೆ ನೇತುಹಾಕಿದರೆ ಒದ್ದೆ ಭಾರಕ್ಕೆ ಮಂಡಿವರೆಗೆ ಇಳಿಯುತ್ತದೆ. ಅಕ್ರಿಲಿಕ್ ಆದರೆ ಇಸ್ತ್ರಿ ಮುಟ್ಟಿಸಬೇಡಿ, ಕುಣಿಕೆಗಳು ಕರಗಿ ಸತ್ತ ಬಟ್ಟೆಯ ಹಾಗೆ ಜೋತುಬೀಳುತ್ತವೆ.

ಉಳಿದ ನೂಲಿನಲ್ಲಿ ಹತ್ತು ಮೀಟರ್ ಸುತ್ತಿ, ಅದರ ಲೇಬಲ್ ಜೊತೆ ಒಂದು ಲಕೋಟೆಯಲ್ಲಿ ಎತ್ತಿಡಿ. ಮೊದಲು ಸವೆಯುವುದು ಮೊಣಕೈ. ಆ ಹೊತ್ತಿಗೆ ಅದೇ ಲಾಟಿನ ಬಣ್ಣ ಅಂಗಡಿಯಲ್ಲಿ ಸಿಗುವುದಿಲ್ಲ.