ಕ್ಯಾಲಿಫೋರ್ನಿಯಾದಲ್ಲಿ ಡಿಮೆನ್ಷಿಯಾ ಜಾಗೃತಿ ಮಾಸಕ್ಕೆ ಶಾಸನ ಕೋರುವ ಬಗೆ

ಡಿಮೆನ್ಷಿಯಾ, ಅಂದರೆ ನೆನಪು ಮತ್ತು ಯೋಚನಾಶಕ್ತಿ ಕುಗ್ಗುವ ಸ್ಥಿತಿಯ ಕುರಿತು ಜಾಗೃತಿ ಮಾಸ ಘೋಷಣೆಯಾಗಬೇಕೆಂದಿದ್ದರೆ, ಕ್ಯಾಲಿಫೋರ್ನಿಯಾದಲ್ಲಿ ಮಸೂದೆ ಮಂಡಿಸುವ ಗಡುವು ಸಾಮಾನ್ಯವಾಗಿ ಫೆಬ್ರವರಿಯಲ್ಲೇ ಮುಗಿಯುವುದರಿಂದ, ನಿಮ್ಮ ಕ್ಷೇತ್ರದ ಅಸೆಂಬ್ಲಿ ಅಥವಾ ಸೆನೆಟ್ ಸದಸ್ಯರ ಕಚೇರಿಯೊಂದಿಗೆ ಹಲವು ತಿಂಗಳು ಮೊದಲೇ ಮಾತುಕತೆ ಆರಂಭಿಸಿ. ಒಂದು ವರ್ಷದ ಆಚರಣೆ ಸಾಕೆನಿಸಿದರೆ ಗವರ್ನರ್ ಸಹಿಯ ಅಗತ್ಯವಿಲ್ಲದ ಉಭಯ ಸದನಗಳ ನಿರ್ಣಯವನ್ನು ಕೋರಬಹುದು. ಪ್ರತಿವರ್ಷವೂ ಕಾನೂನಾಗಿ ಉಳಿಯಬೇಕಾದರೆ ಮಸೂದೆಯೇ ಬೇಕು, ಶ್ರಮಕ್ಕೆ ತಕ್ಕ ದಾರಿಯೂ ಅದೇ ಎಂದು ನಾನು ಭಾವಿಸುತ್ತೇನೆ. ಅಮೆರಿಕದಲ್ಲಿ ಜೂನ್ ತಿಂಗಳನ್ನು ಆಲ್ಝೈಮರ್ (ಡಿಮೆನ್ಷಿಯಾದ ಅತಿ ಸಾಮಾನ್ಯ ಕಾರಣ) ಮತ್ತು ಮೆದುಳಿನ ಆರೋಗ್ಯದ ಜಾಗೃತಿಗಾಗಿ ಈಗಾಗಲೇ ಆಚರಿಸುವುದರಿಂದ ಅದನ್ನೇ ಸೂಚಿಸಿ.

ಕರಡಿನಲ್ಲಿ ತಿಂಗಳ ಹೆಸರಷ್ಟೇ ಇದ್ದರೆ ಸಾಲದು. ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಪಟ್ಟಿ ಮಾಡಿದ, ತಗ್ಗಿಸಲು ಸಾಧ್ಯವಿರುವ ಡಿಮೆನ್ಷಿಯಾದ 14 ಅಪಾಯಕಾರಿ ಅಂಶಗಳಲ್ಲಿ ಶ್ರವಣದೋಷ, ಅಧಿಕ ರಕ್ತದೊತ್ತಡ ಮತ್ತು ಸಾಮಾಜಿಕ ಒಂಟಿತನ ಸೇರಿರುವುದರಿಂದ, ಇವುಗಳ ಕುರಿತ ತಿಳಿವಳಿಕೆಯನ್ನು ವಲಸಿಗ ಹಿರಿಯರ ಭಾಷೆಗಳಲ್ಲೂ, ಕನ್ನಡವೂ ಸೇರಿದಂತೆ, ನೀಡಬೇಕೆಂದು ಸ್ಪಷ್ಟವಾಗಿ ಬರೆಸಿ. ಸಮಿತಿಯ ವಿಚಾರಣೆಯಲ್ಲಿ ರೋಗಿಗಳನ್ನು ನಿತ್ಯ ನೋಡಿಕೊಳ್ಳುವ ಮನೆಯವರೇ ಮಾತನಾಡಲಿ.