ಮನೆಯ ಹಿರಿಯರ ನೆನಪಿಗೊಂದು ಗಟ್ಟಿ ಹೊಲಿಗೆಯ ಪುಸ್ತಕ

ಅಜ್ಜನ ವರ್ಷಾಬ್ದಿಕಕ್ಕೆಂದು ನಮ್ಮ ಮನೆಯವರು ಮಾಡಿಸಿದ ಪುಸ್ತಕದ ಹೊದಿಕೆ ಇಂದಿಗೂ ಹೊಳೆಯುತ್ತದೆ. ಒಳಗಿನ ಹಾಳೆಗಳು ಮಾತ್ರ ಎರಡನೆಯ ಬೇಸಿಗೆಗೇ ಕಿತ್ತು ಬಂದವು. ಅತ್ತೆ ಅದನ್ನು ಲಾಡಿ ಕಟ್ಟಿ ಬೀರುವಿನಲ್ಲಿಟ್ಟಿದ್ದಾರೆ. ಹೊದಿಕೆಗೆ ಹಣ ಸುರಿದು ಬೆನ್ನಿಗೆ ಬರೀ ಅಂಟು ಹಾಕಿಸಿದ್ದರ ಫಲವದು. ಮಾರಾಟಕ್ಕಲ್ಲದೆ ಬಂಧುಗಳಿಗೆ ಹಂಚಲೆಂದೇ ಅಚ್ಚು ಹಾಕಿಸುವ ಇಂಥ ಪುಸ್ತಕ ಮೊಮ್ಮಕ್ಕಳ ಕೈಗೂ ಇಡಿಯಾಗಿ ಸಿಗಬೇಕಾದರೆ ಆರು ತಿಂಗಳು ಮೊದಲೇ ಕೆಲಸ ಆರಂಭಿಸುವುದು ಒಳ್ಳೆಯದು.

ಮೊದಲನೆಯದು ಸಾಮಗ್ರಿ. ನೆಂಟರಿಂದ ಲೇಖನ ಕೇಳಿದರೆ ‘ಅವರು ಸರಳ ಸಜ್ಜನರು’ ಎಂಬ ಒಂದೇ ಮಾತು ಹತ್ತು ಕೈಬರಹಗಳಲ್ಲಿ ಬರುತ್ತದೆ. ಅದಕ್ಕಿಂತ ಎದುರು ಕುಳಿತು ಮಾತನಾಡಿಸಿ, ಮೊಬೈಲಿನಲ್ಲಿ ಧ್ವನಿ ಮುದ್ರಿಸಿಕೊಂಡು, ಅವರವರ ಆಡುಮಾತನ್ನು ಆದಷ್ಟು ಹಾಗೆಯೇ ಬರಹಕ್ಕಿಳಿಸುವುದು ಮೇಲು. ಇನ್‌ಲ್ಯಾಂಡ್ ಪತ್ರಗಳನ್ನೂ ಉಪ್ಪಿನಕಾಯಿಯ ಅಳತೆ ಗೀಚಿಟ್ಟ ಚೀಟಿಯನ್ನೂ, ಎಣ್ಣೆ ಕಲೆಯ ಸಮೇತ, 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕೆ) ಸ್ಕ್ಯಾನ್ ಮಾಡಿಸಿ. ವಾಟ್ಸ್‌ಆ್ಯಪ್‌ನಲ್ಲಿ ಕುಗ್ಗಿ ಬಂದ ಚಿತ್ರ ಅಚ್ಚಿನಲ್ಲಿ ಮಸುಕಾಗುತ್ತದೆ. ಪತ್ರದ ಹಾಳೆ ನಿಮ್ಮ ಮನೆಯದಾದರೂ ಬರಹದ ಹಕ್ಕು ಬರೆದವರದು, ಅವರ ನಂತರ ವಾರಸುದಾರರದು. ಆದ್ದರಿಂದ ಹೊರಗಿನವರ ಪತ್ರ ಸೇರಿಸುವ ಮುನ್ನ ಒಪ್ಪಿಗೆ ಪಡೆಯಬೇಕು.

ವಂಶವೃಕ್ಷ ಬರೆಸುವಾಗ ಹೆಣ್ಣುಮಕ್ಕಳನ್ನೂ ಸೊಸೆಯರನ್ನೂ ಅವರ ತವರೂರಿನ ಸಮೇತ ಸೇರಿಸಿ. ಪುಸ್ತಕ ಕೈಗೆ ಬಂದ ದಿನ ಬಹಳ ಮಂದಿ ಮೊದಲು ತೆರೆಯುವುದು ಆ ಪುಟವನ್ನೇ.

ಟೈಪಾದ ಮೇಲೆ ಕರಡು. ಕನ್ನಡ ಟೈಪಿಂಗ್ ತಂತ್ರಾಂಶ ‘ನುಡಿ’ಯ ಹಳೆಯ ಅಕ್ಷರಗಳಿಂದ ಯೂನಿಕೋಡ್‌ಗೆ ಬದಲಿಸಿದ ಬರಹದಲ್ಲಿ ಅರ್ಕಾವತ್ತು, ಒತ್ತಕ್ಷರಗಳು ಸ್ಥಾನ ತಪ್ಪುವುದುಂಟು. ಕರಡನ್ನು ಕಾಗದದ ಮೇಲೇ ಓದಿ. ಹೆಸರು, ಇನಿಷಿಯಲ್, ಇಸವಿಗಳನ್ನಷ್ಟೇ ನೋಡಲು ಇನ್ನೊಬ್ಬರನ್ನು ಕೂರಿಸಿ.

ಆಕಾರಕ್ಕೆ ಡೆಮಿ 1/8, ಅಂದರೆ ಸುಮಾರು ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಎತ್ತರ, ಕೈಗೆ ಹಿತ. 16 ಪುಟಕ್ಕೊಂದು ಫಾರಂ (ಒಟ್ಟಿಗೆ ಅಚ್ಚಾಗಿ ಮಡಚಿಕೊಳ್ಳುವ ಪುಟಗಳ ಕಂತೆ) ಎಂದು ಲೆಕ್ಕ ಹಿಡಿದರೆ 160 ಪುಟಕ್ಕೆ 10 ಫಾರಂ ಆಗುತ್ತದೆ. 163ಕ್ಕೆ ಹೋದರೆ ಮೂರು ಪುಟ ಕತ್ತರಿಸುವುದೇ ಜಾಣತನ. ಬರಹಕ್ಕೆ ಕಣ್ಣಿಗೆ ಕುಕ್ಕದ ನಸು ಹಳದಿಯ 80 ಜಿಎಸ್‌ಎಂ (ಚದರ ಮೀಟರಿಗೆ 80 ಗ್ರಾಂ ತೂಗುವ) ಮ್ಯಾಪ್‌ಲಿಥೊ ಕಾಗದ, ಚಿತ್ರಗಳಿಗೆ 130 ಜಿಎಸ್‌ಎಂ ಮ್ಯಾಟ್ ಆರ್ಟ್ ಪೇಪರ್ ಸಾಕು. ಕಾಗದದ ನಾರು ಪುಸ್ತಕದ ಬೆನ್ನಿಗೆ ಸಮಾನಾಂತರವಾಗಿರಬೇಕು, ಇಲ್ಲವಾದರೆ ಹಾಳೆಗಳು ನೆಟ್ಟಗೆ ಬೀಳದೆ ಸೆಟೆದು ನಿಲ್ಲುತ್ತವೆ. ಕಾಗದದ ಚೂರೊಂದನ್ನು ನೀರಿನ ಮೇಲೆ ಬಿಟ್ಟು ನೋಡಿ, ಅದು ಸುರುಳಿ ಸುತ್ತಿಕೊಳ್ಳುತ್ತದೆ. ಆ ಸುರುಳಿಯ ಉದ್ದ ಯಾವ ದಿಕ್ಕಿಗೋ ನಾರೂ ಅದೇ ದಿಕ್ಕಿಗೆ.

ಇನ್ನು ಬೈಂಡಿಂಗ್. ‘ಹಾರ್ಡ್‌ಬೌಂಡ್ ಮಾಡಿ’ ಎಂದಷ್ಟೇ ಹೇಳಿ ಬಂದರೆ ಅಂಟು ಹಾಕಿದ ಬೆನ್ನಿಗೇ ರಟ್ಟು ಕೂರಿಸಿ ಕೊಟ್ಟುಬಿಡಬಹುದು, ನಮಗಾದದ್ದು ಅದೇ. ಪ್ರತಿ ಫಾರಂ ಅನ್ನು ಮಡಚಿ, ಮಡಿಕೆಯ ನಡುವೆ ದಾರ ಹಾಯಿಸಿ, ಒಂದಕ್ಕೊಂದು ಹೆಣೆದು ಹೊಲಿಯಬೇಕೆಂದು ಬಾಯಿಬಿಟ್ಟು ಕೇಳಿ. ಹೊಲಿದ ಬೆನ್ನಿಗೆ ತೆಳು ಬಟ್ಟೆ ಅಂಟಿಸಿ, ಆಮೇಲೆ ರಟ್ಟು, ಅದರ ಮೇಲೆ ಕ್ಯಾಲಿಕೊ ಬಟ್ಟೆ. ಹಳೆಯ ಬೈಂಡರುಗಳು ಮೈದಾ ಅಂಟಿಗೆ ಚೂರು ಮೈಲುತುತ್ತ ಬೆರೆಸುತ್ತಿದ್ದುದು ಹುಳು ಹಿಡಿಯದಿರಲೆಂದು. ಎಲ್ಲಕ್ಕೂ ಮೊದಲು ಖಾಲಿ ಹಾಳೆಯ ಮಾದರಿಯೊಂದನ್ನು ಮಾಡಿಸಿ, ಫಾರಂನ ನಡುಪುಟ ತೆರೆಯಿರಿ. ಅಲ್ಲಿ ದಾರ ಕಾಣಲೇಬೇಕು, ಮೇಜಿನ ಮೇಲಿಟ್ಟರೆ ಪುಸ್ತಕ ತಾನಾಗಿ ಮುಚ್ಚಿಕೊಳ್ಳಬಾರದು. ಮುಖದ ಮೇಲೆ ಹೆಸರನ್ನು ಚಿನ್ನದ ಫಾಯಿಲ್‌ನಲ್ಲಿ ಒತ್ತಿಸಿದರೆ ಸಾಕು, ಭಾವಚಿತ್ರ ಒಳಗಿರಲಿ. ಮಳೆಗಾಲದಲ್ಲಿ ಅಂಟು ಆರಲು ತಡವಾಗಿ ರಟ್ಟು ಬಾಗುವುದರಿಂದ ತಿಥಿಯ ಹಿಂದಿನ ದಿನ ಪ್ರತಿ ಬೇಕೆಂದು ಬೈಂಡರನ್ನು ಅವಸರಪಡಿಸಬೇಡಿ; ಬೈಂಡಾದ ಪ್ರತಿಗಳು ಒತ್ತಿನಡಿ ಒಂದು ರಾತ್ರಿಯಾದರೂ ಇರಬೇಕು.

ಮಾರಾಟವಿಲ್ಲದ ಪುಸ್ತಕಕ್ಕೆ ಐಎಸ್‌ಬಿಎನ್ (ಪುಸ್ತಕದ ಅಂತರರಾಷ್ಟ್ರೀಯ ಗುರುತಿನ ಸಂಖ್ಯೆ) ಕಡ್ಡಾಯವಲ್ಲ; ‘ಖಾಸಗಿ ವಿತರಣೆಗೆ’ ಎಂದು ಅಚ್ಚು ಹಾಕಿಸಿ, ಇಸವಿಯನ್ನು ಮರೆಯದೆ ನಮೂದಿಸಿ. ಹತ್ತು ಪ್ರತಿಗಳ ಫಾರಂಗಳನ್ನು ಮಾತ್ರ ಹೊಲಿಸದೆ ಕಾಗದದಲ್ಲಿ ಸುತ್ತಿಡಿ. ಐದಾರು ವರ್ಷ ಬಿಟ್ಟು ‘ನನಗೇಕೆ ಒಂದು ಪ್ರತಿ ಇಡಲಿಲ್ಲ’ ಎಂದು ಕೇಳುವ ಸೋದರಳಿಯನೊಬ್ಬ ಬಂದೇ ಬರುತ್ತಾನೆ.