ಒಂದು ಬಾಟಲಿ ವೈನ್, ಮೂರು ಕ್ವಾರ್ಟರ್ ಸೀಸೆ

ಇಡೀ ಬಾಟಲಿಯನ್ನು ಒಂದೇ ಸಂಜೆಗೆ ಮುಗಿಸದೆ ಬಗೆಬಗೆಯ ವೈನನ್ನು ಒಂದೊಂದೇ ಗ್ಲಾಸಿನಂತೆ ಸವಿಯಬಯಸುವ ಚಿಕ್ಕಮಗಳೂರಿನ ವೈನ್‌ಪ್ರಿಯರು, 750 ಮಿ.ಲೀ. ಬಾಟಲಿಯನ್ನು ತೆರೆದ ಕೂಡಲೇ, 180 ಮಿ.ಲೀ. ಅಳತೆಯ ಮೂರು ಗಾಜಿನ ಕ್ವಾರ್ಟರ್ ಸೀಸೆಗಳಿಗೆ ಅಂಚಿನವರೆಗೂ ತುಂಬಿ, ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿ ಫ್ರಿಜ್ಜಿನಲ್ಲಿಡಬೇಕು. ಉಳಿದದ್ದು ಆ ಸಂಜೆಯ ಪಾಲು. ವೈನ್ ಕೆಡಲು ಮುಖ್ಯ ಕಾರಣ ಗಾಳಿಯಲ್ಲಿರುವ ಆಮ್ಲಜನಕ. ಅರ್ಧ ಖಾಲಿಯಾದ ಬಾಟಲಿಯಲ್ಲಿ ಅದು ಧಾರಾಳವಾಗಿರುತ್ತದೆ, ತುಂಬಿದ ಸೀಸೆಯಲ್ಲಿ ಅದಕ್ಕೆ ಜಾಗವೇ ಇರುವುದಿಲ್ಲ. ಹೊರದೇಶಗಳಲ್ಲಿ ಚಂದಾದಾರರಿಗೆ ಗ್ಲಾಸಿನ ಲೆಕ್ಕದಲ್ಲಿ ವೈನ್ ಮಾದರಿ ಕಳುಹಿಸುವ ಕೆಲವು ಸೇವೆಗಳು 100 ಮಿ.ಲೀ. ಗಾಜಿನ ಕೊಳವೆಗಳಿಗೆ ಆಮ್ಲಜನಕ ಸೋಕದಂತೆ ತುಂಬಿಸುವುದೂ ಇದೇ ತತ್ತ್ವದ ಮೇಲೆ. ನಾಲ್ಕೈದು ದಿನ ರುಚಿ ನಿಲ್ಲುತ್ತದೆ. ಕೆಂಪು ವೈನನ್ನು ಕುಡಿಯುವ ಅರ್ಧ ಗಂಟೆ ಮೊದಲು ಹೊರಗಿಟ್ಟರೆ ಸಾಕು. ನಮ್ಮೂರಿನ ಚಳಿಯನ್ನು ನಂಬಿ ಫ್ರಿಜ್ಜನ್ನು ಬಿಡುವುದು ಸರಿಯಲ್ಲ. ಸೀಸೆಯಲ್ಲಿ ಹಿಂದಿನ ವಿಸ್ಕಿಯ ವಾಸನೆ ಒಂದಿಷ್ಟು ಉಳಿದಿದ್ದರೂ ಶ್ರಮವೆಲ್ಲ ವ್ಯರ್ಥ, ಆದ್ದರಿಂದ ಬಿಸಿನೀರಿನಲ್ಲಿ ತೊಳೆದು ಮುಚ್ಚಳವನ್ನೂ ಮೂಸಿ ನೋಡಬೇಕು. ಎರಡು ದಿನ ತೆರೆದಿಟ್ಟ ವೈನನ್ನು ಈ ಕ್ರಮ ಸರಿಪಡಿಸಲಾರದು. ನೊರೆಯುಕ್ಕುವ ವೈನಿಗಂತೂ ಇದು ಹೊಂದದು, ಸುರಿಯುವಾಗಲೇ ಅದರ ಅನಿಲ ಹೊರಟುಹೋಗುತ್ತದೆ. ಮಲೆನಾಡಿನ ಮನೆಗಳಲ್ಲಿ ಮಾಡುವ ದ್ರಾಕ್ಷಿ, ನೆಲ್ಲಿಕಾಯಿ ವೈನುಗಳ ವಿಷಯದಲ್ಲಿ ವಿಶೇಷ ಎಚ್ಚರಿಕೆ ಅಗತ್ಯ: ಹುದುಗುವಿಕೆ ಪೂರ್ತಿ ನಿಂತಿರದಿದ್ದರೆ, ಬಿಗಿಯಾಗಿ ಮುಚ್ಚಿದ ಸೀಸೆಯೊಳಗೆ ಅನಿಲದ ಒತ್ತಡ ಹೆಚ್ಚಿ ಗಾಜು ಒಡೆಯಬಹುದು.